ಎಫ್7ಕ್ಕೆ ನುಗ್ಗಿದ ಕುದುರೆ

ಪ್ರಶ್ನೆ: ಚೆಸ್ ಕ್ಲಬ್ ಟೂರ್ನಿಯಲ್ಲಿ ನನಗೆ ಕಪ್ಪು ಕಾಯಿ ಬಂದಿತ್ತು. ಎದುರಿಗಿದ್ದ ಹುಡುಗ ಇಟಾಲಿಯನ್, ಅಂದರೆ ಒಂಟೆಯನ್ನು ಸಿ4ಕ್ಕೆ ತರುವ ಆರಂಭ ಆಡಿದ. ನಾನು ಎರಡೂ ಕುದುರೆ ಹೊರಗೆ ತಂದೆ, ನಾಲ್ಕನೇ ನಡೆಗೇ ಅವನ ಕುದುರೆ ಜಿ5 ಮನೆಗೆ ಬಂತು. ನಾನು ಡಿ5ಕ್ಕೆ ಕಾಲಾಳು ತಳ್ಳಿದೆ, ಅವನು ಹೊಡೆದ, ನಾನು ಕುದುರೆಯಿಂದ ತಿರುಗಿ ಹೊಡೆದೆ. ತಕ್ಷಣ ಅವನ ಕುದುರೆ ಎಫ್7ಕ್ಕೆ ನುಗ್ಗಿತು! ಪುಕ್ಕಟೆ ಸಿಕ್ತು ಅಂತ ರಾಜನಿಂದ ತಿಂದೆ. ರಾಣಿ ಎಫ್3ಕ್ಕೆ ಬಂದು ಚೆಕ್. ರಾಜನನ್ನು ಜಿ8ಕ್ಕೆ ಸರಿಸಿದೆ, ಮೂರೇ ನಡೆಯಲ್ಲಿ ಆಟ ಮುಗೀತು. ಎಲ್ಲಿ ಎಡವಿದೆ? ಗೆಳೆಯ ಟ್ರಾಕ್ಸ್ಲರ್ ಅನ್ನೋ ಎದುರುದಾಳಿ ಆಡು ಅಂತಾನೆ, ಆಡಲೇ?
– ಒಬ್ಬ ಓದುಗ, ಹಾಸನ

ಉತ್ತರ: ನಿಮಗೆ ಬಿದ್ದದ್ದು ಫ್ರೈಡ್ ಲಿವರ್ ದಾಳಿ. 1600ರ ಆಸುಪಾಸಿನಲ್ಲೇ ಇಟಲಿಯ ಆಟಗಾರ ಪೊಲೆರಿಯೊ ಇದನ್ನು ಆಡಿದ್ದ, ಇವತ್ತಿಗೂ ಕ್ಲಬ್‌ಗಳಲ್ಲಿ ಜನ ಬೀಳುತ್ತಲೇ ಇದ್ದಾರೆ. ಜಿ8 ಅಂತೂ ಆತ್ಮಹತ್ಯೆ. ಒಂಟೆ ಡಿ5ರಲ್ಲಿ ಹೊಡೆದು ಚೆಕ್ ಕೊಡುತ್ತೆ, ನೀವು ರಾಣಿಯಿಂದ ತಿಂದರೆ ಅವನ ರಾಣಿ ಅದನ್ನೂ ತಿಂದು ಮತ್ತೆ ಚೆಕ್, ನೀವು ಒಂಟೆಯನ್ನು ಅಡ್ಡ ಇಟ್ಟರೆ ಅಲ್ಲೇ ಮೇಟ್. ಕುದುರೆ ಉಳಿಸಿಕೊಳ್ಳೋಕೆ ರಾಜ ಇ6ಕ್ಕೇ ಬರಬೇಕಿತ್ತು. ಬಯಲಲ್ಲಿ ನಿಂತ ರಾಜ, ನೋಡಿದರೆ ಹೆದರಿಕೆ ಆಗುತ್ತೆ, ಅಲ್ವಾ? ಬಿಳಿ ಇನ್ನೊಂದು ಕುದುರೆಯನ್ನು ಸಿ3ಕ್ಕೆ ತಂದು ಡಿ5ರ ಮೇಲೆ ಮೂರನೇ ಏಟು ಹಾಕುತ್ತೆ, ನೀವು ಸಿ6ರ ಕುದುರೆಯನ್ನು ಬಿ4ಕ್ಕೋ ಇ7ಕ್ಕೋ ಹಾಕಿ ಕಾಯಬೇಕು. ಮನೆಯಲ್ಲಿ ಕಂಪ್ಯೂಟರ್ ಹಾಕಿಕೊಂಡು ಇದನ್ನು ಆಡಿ ನೋಡಬಹುದು, ಗಡಿಯಾರ ಓಡ್ತಿರುವಾಗ ಬೇಡ.

ನಿಜವಾಗಿ ತಪ್ಪಿದ್ದು ಅದಕ್ಕೂ ಮೊದಲೇ, ಕುದುರೆಯಿಂದ ಡಿ5 ಹೊಡೆದಾಗ. ಅಲ್ಲಿ ಹೊಡೆಯೋ ಆಸೆ ಬಿಟ್ಟು ಸಿ6ರ ಕುದುರೆಯನ್ನು ಎ5ಕ್ಕೆ ಹಾಕಿ, ಒಂಟೆಗೆ ಏಟು. ಅದು ಬಿ5ಕ್ಕೆ ಬಂದು ಚೆಕ್ ಕೊಡುತ್ತೆ, ನೀವು ಸಿ6ಕ್ಕೆ ಕಾಲಾಳು ತಳ್ಳಿ. ಒಂದು ಕಾಲಾಳು ಹೋಗುತ್ತೆ, ಹೋಗಲಿ ಬಿಡಿ. ಆಮೇಲೆ ಅವನ ಒಂಟೆ ಹಿಂದೆ ಸರಿಯಬೇಕು, ಹೆಚ್6ಕ್ಕೆ ಕಾಲಾಳು ತಳ್ಳಿದರೆ ಅವನ ಕುದುರೆಯೂ ಓಡಬೇಕು, ಅದು ಎಫ್3ಕ್ಕೆ ಹೋದರೆ ಇ4 ತಳ್ಳಿ ಮತ್ತೆ ಓಡಿಸಬಹುದು. ಆ ತಲೆನೋವು ಬೇಡ ಅಂತಲೋ ಏನೋ, ಅಮೆರಿಕದ ಗ್ರ್ಯಾಂಡ್‌ಮಾಸ್ಟರ್ ಫಿಷರ್ 1963ರಲ್ಲಿ ತಮ್ಮದೇ ದೇಶದ ಬಿಸ್ಗಯರ್ ಎದುರು ಕುದುರೆಯನ್ನು ಹೆಚ್3ರ ಮೂಲೆಗೆ ಒಯ್ದಿದ್ದರು!

ಇನ್ನು ಟ್ರಾಕ್ಸ್ಲರ್. ಜೆಕ್ ಪಾದ್ರಿಯೊಬ್ಬರ ಹೆಸರಿನ ನಡೆ ಇದು, 1890ರದ್ದು. ಡಿ5 ತಳ್ಳುವ ಬದಲು ಎಫ್7 ಬಿಟ್ಟುಕೊಟ್ಟು ಒಂಟೆಯನ್ನು ಸಿ5ಕ್ಕೆ ಹಾಕೋದು. ಅವನು ಕುದುರೆಯಿಂದ ಹೊಡೆದರೆ ನಿಮ್ಮ ಒಂಟೆ ಎಫ್2ರಲ್ಲಿ ಚೆಕ್ ಕೊಡುತ್ತೆ, ಆಟ ಹೊತ್ತಿಕೊಳ್ಳುತ್ತೆ. ಆದರೆ ಓದಿಕೊಂಡು ಬಂದವನು ಒಂಟೆಯಿಂದ ಹೊಡೆದು, ಚೆಕ್ ಕೊಟ್ಟು, ಸುಮ್ನೆ ಹಿಂದೆ ಹೋಗ್ತಾನೆ. ಅವನಿಗೊಂದು ಕಾಲಾಳು ಜಾಸ್ತಿ, ನಿಮಗೆ ಕ್ಯಾಸಲಿಂಗ್ (ರಾಜನನ್ನು ಆನೆಯ ಕಡೆ ಸರಿಸಿ ಭದ್ರ ಮಾಡೋ ನಡೆ) ಇಲ್ಲ. ಕೆಲವೇ ನಿಮಿಷದ ಬ್ಲಿಟ್ಜ್ ಆಟದಲ್ಲಿ ಆಡಿ, ಟೂರ್ನಿಗೆ ಕುದುರೆ ಎ5 ಸಾಕು.