ಸೊಂಟಕ್ಕೆ ಬಂದ ಮುಷ್ಟಿಯಲ್ಲಿ ಏನಿದೆ?

ಎರಡು ವರ್ಷದಿಂದ ಕರಾಟೆ ಕಲಿಯುತ್ತಿದ್ದೀರಿ. ಕಟಾ, ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ಪಟ್ಟುಗಳ ಸರಣಿ, ಮಾಡುವಾಗ ಒಂದು ಕೈ ಬ್ಲಾಕ್ ಮಾಡಿದರೆ ಇನ್ನೊಂದನ್ನು ಸೊಂಟಕ್ಕೆ ಎಳೆದುಕೊಳ್ಳುವುದು ಯಾಕೆ, ಫೈಟ್‌ನಲ್ಲಿ ಹಾಗೆ ನಿಂತರೆ ಮುಖಕ್ಕೆ ಏಟು ಬೀಳುವುದಿಲ್ಲವೇ ಎಂದು ಕೇಳಿದ್ದೀರಿ. ಬೀಳುತ್ತೆ. ನಿಮ್ಮ ಅನುಮಾನ ಸರಿಯಾಗಿಯೇ ಇದೆ.

ನಾನು ಕೇಳಿದಾಗ ಸಿಕ್ಕ ಉತ್ತರ, "ಒಂದು ಕೈ ಹಿಂದೆ ಹೋದ್ರೆ ಇನ್ನೊಂದಕ್ಕೆ ಪವರ್ ಬರುತ್ತೆ" ಎಂಬುದು. ಜೊತೆಗೆ, ಮಧ್ಯೆ ಬಾಯಿ ಹಾಕಿದ್ದಕ್ಕೆ ಐವತ್ತು ದಂಡ (ಪುಶ್‌ಅಪ್). ಬಾಕ್ಸರ್‌ಗಳು ಕೈಯನ್ನು ಗದ್ದದ ಹತ್ತಿರವೇ ಇಟ್ಟುಕೊಂಡು ಎದುರಾಳಿಯನ್ನು ಮಲಗಿಸುವುದನ್ನು ಟಿವಿಯಲ್ಲಿ ನೋಡಿದ್ದ ನನಗೆ ಅದು ಒಪ್ಪಿಗೆಯಾಗಲಿಲ್ಲ.

ಗಂಟು ಬಿಡಿಸಿದ್ದು ಒಬ್ಬ ಸೀನಿಯರ್. ಶುರುವಿನಲ್ಲೇ ಕಲಿಯುವ ಕಟಾ ಹೇಯಾನ್ ಶೋದಾನ್‌ನ ನಾಲ್ಕನೇ ಚಲನೆ ನೆನಪಿದೆಯಲ್ಲ, ಮುಂದಿನ ಕಾಲನ್ನು ಹಿಂದಕ್ಕೆಳೆದು ಮುಷ್ಟಿಯನ್ನು ಸುತ್ತಿಸಿ ಸುತ್ತಿಗೆಯಂತೆ ಇಳಿಸುವುದು? "ನನ್ನ ಮಣಿಕಟ್ಟು ಹಿಡ್ಕೋ, ಬಿಡಬೇಡ" ಅಂದರು. ಹಿಡಿದೆ. ಅವರು ಕಾಲು ಹಿಂದಿಟ್ಟದ್ದೇ ತಡ, ನಾನು ಮುಂದಕ್ಕೆ ಮುಗ್ಗರಿಸಿದೆ, ಹಿಡಿತ ಬಿಟ್ಟುಹೋಯಿತು, ಮುಷ್ಟಿ ನನ್ನ ಮೂಗಿನ ಮುಂದೆ ಬಂದು ನಿಂತಿತ್ತು. ಆ ಕಾಲು ಯಾಕೆ ಹಿಂದಕ್ಕೆ ಬರುತ್ತದೆಂದು ಅವತ್ತಿನವರೆಗೂ ನಾನು ಯೋಚಿಸಿಯೇ ಇರಲಿಲ್ಲ.

ಸೊಂಟಕ್ಕೆ ಬರುವ ಕೈಯೂ ಹೀಗೇ. ಜಪಾನಿಯಲ್ಲಿ ಅದಕ್ಕೆ ಹಿಕಿತೆ ಎನ್ನುತ್ತಾರೆ, ಅಂದರೆ ಎಳೆಯುವ ಕೈ. ಏನನ್ನು ಎಳೆಯುವುದು? ಎದುರಿನವನ ಮಣಿಕಟ್ಟನ್ನೋ ಅಂಗಿಯನ್ನೋ. ಅದೇ ಕಟಾದ ಮೊದಲ ಚಲನೆಯ ಗೆದಾನ್ ಬರಾಯ್, ಅಂದರೆ ಕೈಯನ್ನು ಕೆಳಕ್ಕೆ ಬೀಸಿ ತಡೆಯುವ ಬ್ಲಾಕ್, ಮಾಡಿ ನೋಡಿ. ಬಲಗೈ ಅವನ ಮಣಿಕಟ್ಟು ಹಿಡಿದು ಸೊಂಟಕ್ಕೆ ತಂದರೆ ಅವನ ತೋಳು ನೆಟ್ಟಗಾಗುತ್ತದೆ. ಮೇಲಿಂದ ಇಳಿಯುವ ನಿಮ್ಮ ಎಡ ಮುಂಗೈ ಸರಿಯಾಗಿ ಅವನ ಮೊಣಕೈಯ ಸ್ವಲ್ಪ ಮೇಲೆ ಕೂರುತ್ತದೆ. ಒದೆಯನ್ನು ತಡೆಯಲು ಅಷ್ಟು ದೊಡ್ಡ ತಯಾರಿ ಯಾಕೆಂದು ತಲೆ ಕೆಡಿಸಿಕೊಳ್ಳುತ್ತಿದ್ದ ನನಗೆ ಅಲ್ಲಿ ಉತ್ತರ ಸಿಕ್ಕಿತು.

ಇದನ್ನೆಲ್ಲ ಕ್ಲಾಸಿನಲ್ಲಿ ಯಾಕೆ ಹೇಳುವುದಿಲ್ಲ ಎನ್ನಬಹುದು. ಹೇಯಾನ್ ಕಟಾಗಳ ಮೂಲ ಹೆಸರು ಪಿನಾನ್. ಜಪಾನಿನ ಒಕಿನಾವಾ ದ್ವೀಪದ ಕರಾಟೆ ಗುರು ಇತೋಸು ಅಂಕೋ ಅವನ್ನು ರೂಪಿಸಿದವರು, ಶಾಲೆಗಳಿಗೆ ಕರಾಟೆ ತಂದವರೂ ಅವರೇ. ಸಾಲಾಗಿ ನಿಂತ ಮಕ್ಕಳಿಗೆ ಇಚಿ, ನಿ, ಸಾನ್ ಎಂದು ಎಣಿಸುತ್ತ ಕೀಲು ಮುರಿಯುವುದನ್ನು ಯಾರು ಕಲಿಸುತ್ತಾರೆ? ತಮಾಷೆಯೆಂದರೆ, ಪ್ರತಿ ಪಟ್ಟಿನ ಅರ್ಥ ತಿಳಿದು ಅದನ್ನು ಎಲ್ಲಿ ಬಳಸಬೇಕೆಂದು ಅರಿಯಿರಿ ಎಂದು 1908ರ ಪತ್ರದಲ್ಲಿ ಬರೆದವರೂ ಇದೇ ಇತೋಸು.

ಹಾಗೆಂದು ಪ್ರತಿ ತಿರುವಿಗೂ ಒಂದು ರಹಸ್ಯ ಹುಡುಕಲು ಹೋಗಬೇಡಿ, ನಾನು ಹೋಗಿ ಒಂದು ವರ್ಷ ಹಾಳುಮಾಡಿಕೊಂಡೆ. ನನ್ನ ಪರೀಕ್ಷೆ ಸರಳ: ನಿಮಗಿಂತ ದಪ್ಪಗಿರುವ ಗೆಳೆಯ ನಿಜವಾಗಿ ಬಿಗಿ ಹಿಡಿದಾಗಲೂ ಕೆಲಸ ಮಾಡಿದರೆ ಆ ಅರ್ಥ ಇಟ್ಟುಕೊಳ್ಳಿ, ಇಲ್ಲವಾದರೆ ಬಿಡಿ. ಮೊಣಕೈ ಪಟ್ಟು ಮಾತ್ರ ನಿಧಾನ, ಅವನು ಸಾಕೆಂದು ಕೈ ತಟ್ಟಿದ ತಕ್ಷಣ ಬಿಟ್ಟುಬಿಡಿ. ಬೆಲ್ಟ್ ಪರೀಕ್ಷೆಯಲ್ಲಿ ಮಾತ್ರ ಮಾಸ್ಟರ್ ಹೇಳಿದ ಹಾಗೇ ಮಾಡಿ.