ಮಂಗಳೂರಿನಿಂದ ಕವರತ್ತಿಗೆ ಬ್ಯಾಟರಿಯ ಗ್ರೌಂಡ್ ಎಫೆಕ್ಟ್ ವಾಹನ ಹೋದೀತೇ?

ಒಂದು ಟನ್ ತೂಕದ, ಚಾಲಕನಿಲ್ಲದ, ಅಲೆಗಳಿಗೆ ಸ್ವಲ್ಪವೇ ಮೇಲೆ ಹಾರುವ ಬ್ಯಾಟರಿ ವಾಹನದಲ್ಲಿ ಮಂಗಳೂರಿನಿಂದ ಲಕ್ಷದ್ವೀಪದ ಕವರತ್ತಿಗೆ ಔಷಧ, ಬಿಡಿಭಾಗ ಕಳಿಸಬಹುದೇ ಎಂದು ಕೇಳಿದ್ದೀರಿ. ನೀರಿಗೆ ತೀರ ಹತ್ತಿರ ಹಾರಿದರೆ ರೆಕ್ಕೆಗೆ ಬರುವ ಎಳೆತ ತಗ್ಗುತ್ತದೆ; ಇದೇ ಗ್ರೌಂಡ್ ಎಫೆಕ್ಟ್. ಮಂಗಳೂರಿನಿಂದ ಆಗುವುದಿಲ್ಲ. ಅಲ್ಲಿನದೇ ಇನ್ನೊಂದು ದ್ವೀಪ ಅಗತ್ತಿ ಮತ್ತು ಕವರತ್ತಿ ನಡುವೆ ಆದೀತು, ಅದೂ ಮಳೆಗಾಲ ಬಿಟ್ಟು.

ಲೆಕ್ಕ ನೋಡಿ. 1000 ಕೆ.ಜಿ.ಯಲ್ಲಿ 300 ಕೆ.ಜಿ. ಬ್ಯಾಟರಿ; ಪ್ಯಾಕ್ ಸಮೇತ ಕೆ.ಜಿ.ಗೆ 180 ವ್ಯಾಟ್ ಅವರ್ ಎಂದರೆ 54 ಯೂನಿಟ್. ಗಾಳಿಯ ಎಳೆತದ (ಡ್ರ್ಯಾಗ್) 15 ಪಟ್ಟು ಎತ್ತುಬಲ (ಲಿಫ್ಟ್), ಮೋಟಾರ್–ಪ್ರೊಪೆಲ್ಲರ್ ಸೇರಿ ಶೇ 75 ದಕ್ಷತೆ ಎಂದು ಹಿಡಿದರೆ ಕಿ.ಮೀ.ಗೆ ಸುಮಾರು 0.24 ಯೂನಿಟ್ ಬೇಕು. ಶೇ 20ರಷ್ಟನ್ನು ಮುಟ್ಟದೆ ಉಳಿಸಿಕೊಂಡರೆ ಗಾಳಿಯಿಲ್ಲದ ದಿನ 175 ಕಿ.ಮೀ. ಸಾಗಬಹುದು. ಸೆಕೆಂಡಿಗೆ 40 ಮೀಟರ್ ವೇಗದ ವಾಹನಕ್ಕೆ 10 ಮೀಟರ್ ಎದುರುಗಾಳಿ ಬಂತೆಂದರೆ ಅದರಲ್ಲಿ ಕಾಲು ಭಾಗ ಹೋಯಿತು. ಮಂಗಳೂರು–ಕವರತ್ತಿ ಸುಮಾರು 350 ಕಿ.ಮೀ., ಅಗತ್ತಿ–ಕವರತ್ತಿ ಸುಮಾರು 60.

ಆ 15 ಎಂಬ ಅಂಕಿಯೇ ಅಲೆಯ ಕೈಯಲ್ಲಿದೆ. 10 ಮೀಟರ್ ಅಗಲದ ರೆಕ್ಕೆ ನೀರಿನಿಂದ ಅರ್ಧ ಮೀಟರ್ ಮೇಲಿದ್ದರೆ ಪ್ರೇರಿತ ಎಳೆತ (ಎತ್ತುಬಲ ಹುಟ್ಟಿಸುವಾಗ ರೆಕ್ಕೆಗೆ ಬರುವ ಎಳೆತ) ಸುಮಾರು ಶೇ 60 ಇಳಿಯುತ್ತದೆ. ಒಂದು ಮೀಟರ್‌ಗೆ ಏರಿದರೆ ಉಳಿತಾಯ ಶೇ 28, ಎರಡು ಮೀಟರ್‌ಗೆ ಬರೀ ಶೇ 9. ಮಳೆಗಾಲದ ಅಲೆಗಳ ಮೇಲೆ ಎರಡು ಮೀಟರ್‌ಗಿಂತ ಕೆಳಗೆ ಹಾರುವಂತಿಲ್ಲ. ಅಲ್ಲಿಗೆ ಇದು ಮಾಮೂಲಿ ವಿಮಾನವೇ ಆಯಿತು. ಈ ಲೆಕ್ಕವನ್ನು ಕಡೆಗಣಿಸಿದ ಯಾವ ವಿನ್ಯಾಸವನ್ನೂ ನಂಬಬೇಡಿ.

ನೀರು ಬಿಟ್ಟೇಳುವಾಗ ಒಡಲಿನ ಎಳೆತ ಹೆಚ್ಚು. ಹಾರಾಟಕ್ಕೆ 35 ಕಿಲೋವ್ಯಾಟ್ ಸಾಕಾದರೆ ಇದಕ್ಕೆ 80–100 ಬೇಕಾದೀತು. ಮುಕ್ಕಾಲು ನಿಮಿಷದ ಕೆಲಸ, ಖರ್ಚು ಒಂದು ಯೂನಿಟ್ ಆಸುಪಾಸು. ಆದರೂ ಮೋಟಾರ್, ಕಂಟ್ರೋಲರ್, ಕೇಬಲ್ ಎಷ್ಟು ದಪ್ಪವಿರಬೇಕೆಂದು ತೀರ್ಮಾನಿಸುವುದು ಈ ಮುಕ್ಕಾಲು ನಿಮಿಷವೇ. ಸೋವಿಯತ್‌ನ ಗ್ರೌಂಡ್ ಎಫೆಕ್ಟ್ ವಾಹನ ಓರ್ಲ್ಯೋನೋಕ್ ಏಳಲು ಮೂತಿಯಲ್ಲಿ ಎರಡು ಜೆಟ್ ಎಂಜಿನ್ ಇಟ್ಟು ಅವುಗಳ ಗಾಳಿಯನ್ನು ರೆಕ್ಕೆಯಡಿ ನುಗ್ಗಿಸುತ್ತಿತ್ತು; ಮುಂದಿನ ಪಯಣಕ್ಕೆ ಬಾಲದ ಟರ್ಬೊಪ್ರಾಪ್ ಒಂದೇ. ನಿಮ್ಮ ಅಳತೆಗೆ ಹೈಡ್ರೋಫಾಯಿಲ್ (ನೀರಿನೊಳಗಿದ್ದು ಒಡಲನ್ನು ಮೇಲೆತ್ತುವ ಸಣ್ಣ ರೆಕ್ಕೆ) ವಾಸಿ. ಮೇಲೇಳುವುದು, ಇಳಿಯುವುದು ಎರಡೂ ದ್ವೀಪಗಳ ಪಶ್ಚಿಮದ ಲಗೂನಿನಲ್ಲೇ ಆಗಲಿ. ಹವಳದ ದಿಬ್ಬ ಅಲೆಯನ್ನು ತಡೆದಿರುತ್ತದೆ.

ಎತ್ತರ ಅಳೆಯಲು ಬ್ಯಾರೋಮೀಟರ್ ನಂಬಿದರೆ ಮುಳುಗಿದಂತೆಯೇ. ಒಂದು ಮೀಟರ್ ಏರಿಳಿತಕ್ಕೆ ಗಾಳಿಯ ಒತ್ತಡ ಬದಲಾಗುವುದು 12 ಪಾಸ್ಕಲ್. 40 ಮೀಟರ್ ವೇಗದಲ್ಲಿ ಎದುರೊತ್ತಡ 980 ಪಾಸ್ಕಲ್. ಅದರಲ್ಲಿ ಶೇ 2 ತಪ್ಪಿದರೂ ಎತ್ತರ ಒಂದೂವರೆ ಮೀಟರ್ ತಪ್ಪುತ್ತದೆ. ಎರಡು ರೇಡಾರ್ ಆಲ್ಟಿಮೀಟರ್ ಹಾಕಿ, ಐಎಂಯು (ವೇಗೋತ್ಕರ್ಷ, ತಿರುಗುವಿಕೆ ಅಳೆಯುವ ಸಾಧನ) ಜತೆ ಕಾಲ್ಮನ್ ಫಿಲ್ಟರ್‌ನಲ್ಲಿ, ಅಂದರೆ ಹಲವು ಅಳತೆಗಳಿಂದ ಒಂದು ನಂಬಲರ್ಹ ಅಂದಾಜು ತೆಗೆಯುವ ಗಣಿತದಲ್ಲಿ, ಬೆಸೆಯಿರಿ. ಲೇಸರ್ ಒಂದನ್ನೇ ನಂಬಬೇಡಿ: ಸಮತಟ್ಟಾದ ನೀರು ಕಿರಣವನ್ನು ಬೇರೆಡೆಗೆ ಚಿಮ್ಮಿಸುತ್ತದೆ, ತುಂತುರು ಸುಳ್ಳು ಅಳತೆ ಕೊಡುತ್ತದೆ.

ಗುರುತ್ವ ಕೇಂದ್ರದ ಬಗ್ಗೆ ಇನ್ನೂ ಎಚ್ಚರ ಬೇಕು. ಎತ್ತರ ಬದಲಾದಾಗ ಎತ್ತುಬಲ ಕೂಡಿಕೊಳ್ಳುವ ಬಿಂದು, ಮೂತಿಯ ಕೋನ ಬದಲಾದಾಗ ಕೂಡಿಕೊಳ್ಳುವ ಬಿಂದುವಿಗಿಂತ ಮುಂದಿರಬೇಕು. ಸಾಧಾರಣ ರೆಕ್ಕೆಯಲ್ಲಿ ಇದು ತಿರುವುಮುರುವು; ಹಾಗಾಗಿ ಮೇಲಕ್ಕೆ ಚಿಮ್ಮಿ ಮಗುಚುತ್ತದೆ. ಜರ್ಮನ್ ವಿಮಾನ ವಿನ್ಯಾಸಕ ಲಿಪ್ಪಿಷ್ ಅವರ ಹಿಂದುಮುಂದಾಗಿಸಿದ ತ್ರಿಕೋನ (ಡೆಲ್ಟಾ) ರೆಕ್ಕೆ ಮತ್ತು ಎತ್ತರದಲ್ಲಿ ಕೂರಿಸಿದ ದೊಡ್ಡ ಬಾಲ ಇದಕ್ಕೆ ಪರಿಹಾರ. ಸರಕು ಜರುಗಿದರೆ ಗುರುತ್ವ ಕೇಂದ್ರವೂ ಜರುಗುತ್ತದೆ; ಜರುಗದಂತೆ ಕಟ್ಟಿ.

ತಿರುವು ನಿಧಾನ. 5 ಡಿಗ್ರಿ ವಾಲಿದರೇ ರೆಕ್ಕೆಯ ತುದಿ 44 ಸೆಂ.ಮೀ. ಇಳಿಯುತ್ತದೆ, ತಿರುವಿನ ತ್ರಿಜ್ಯ 1.9 ಕಿ.ಮೀ. ಅಂತರರಾಷ್ಟ್ರೀಯ ನೌಕಾ ನಿಯಮದಂತೆ ಏಳುವಾಗ, ಇಳಿಯುವಾಗ, ತಗ್ಗಿನಲ್ಲಿ ಹಾರುವಾಗ ಮಿಕ್ಕೆಲ್ಲ ನೌಕೆಗಳಿಂದ ದೂರ ಸರಿಯಬೇಕಾದ್ದು ಈ ವಾಹನವೇ. ಎಐಎಸ್ (ನೌಕೆ ತಾನಿರುವ ಜಾಗವನ್ನು ರೇಡಿಯೊದಲ್ಲಿ ಸಾರುವ ಸಾಧನ) ಇಲ್ಲದ ಸಣ್ಣ ಮೀನುದೋಣಿಯನ್ನು ಕನಿಷ್ಠ 2 ಕಿ.ಮೀ. ದೂರದಿಂದ ರೇಡಾರ್–ಕ್ಯಾಮೆರಾ ಗುರುತಿಸುವವರೆಗೆ ಸಮುದ್ರಕ್ಕೆ ಬಿಡಬೇಡಿ. ಅದರಲ್ಲಿ ಜನ ಇರುತ್ತಾರೆ.

ಇನ್ನು ಹಸಿರಿನ ಮಾತು. ಟನ್–ಕಿ.ಮೀ. ಲೆಕ್ಕದಲ್ಲಿ ನಿಧಾನದ ಸರಕು ಹಡಗನ್ನು ಇದು ಮೀರಿಸಲಾರದು. ಅಕ್ಕಿ, ಸಿಮೆಂಟ್ ಹಡಗಿನಲ್ಲೇ ಹೋಗಲಿ. ಹೆಲಿಕಾಪ್ಟರ್, ಸ್ಪೀಡ್‌ಬೋಟ್ ಮಾಡುವ ತುರ್ತು ಕೆಲಸಕ್ಕೆ ಇದು ಸರಿ. ದ್ವೀಪಗಳ ವಿದ್ಯುತ್ ಬಹುಪಾಲು ಡೀಸೆಲ್ ಜನರೇಟರಿನದು, ಅದರಿಂದ ಚಾರ್ಜ್ ಮಾಡಿದರೆ ಹೊಗೆ ಜಾಗ ಬದಲಿಸಿತಷ್ಟೆ. ಅಗತ್ತಿ–ಕವರತ್ತಿ ಹೋಗಿಬರಲು ಚಾರ್ಜಿಂಗ್ ನಷ್ಟವೂ ಸೇರಿ 40 ಯೂನಿಟ್ ಹಿಡಿಯಿರಿ. ದಿನಕ್ಕೊಂದು ಸುತ್ತಿಗೆ ಸುಮಾರು 10 ಕಿಲೋವ್ಯಾಟ್ ಸೋಲಾರ್ ಪ್ಯಾನಲ್ ಮೊದಲು ಹಾಕಿಸಿ.