ಮೌರೀನ್ ಒ'ಹಾರಾ: ಕೆಂಪು ಕೂದಲು, ಕರಾರುಪತ್ರ, ಪಾಸ್‌ಪೋರ್ಟು

ಐರ್ಲೆಂಡಿನಿಂದ ಹಾಲಿವುಡ್‌ಗೆ ಹೋಗಿ ಹೆಸರು ಮಾಡಿದ ನಟಿ ಮೌರೀನ್ ಒ'ಹಾರಾ (1920–2015) ಕುರಿತು ಓದುಗರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಒ'ಹಾರಾ ಅನ್ನುವುದು ಅವರ ನಿಜವಾದ ಹೆಸರಲ್ಲವಂತೆ. ಬದಲಾಯಿಸಿದ್ದು ಯಾರು? ಹತ್ತೊಂಬತ್ತು ತುಂಬುವಷ್ಟರಲ್ಲಿ ನಾಯಕಿಯಾಗಿದ್ದು ಹೇಗೆ? — ಹಾಸನದ ಓದುಗರು

ಹುಟ್ಟುಹೆಸರು ಮೌರೀನ್ ಫಿಟ್ಸೈಮನ್ಸ್. 1920ರ ಆಗಸ್ಟ್ 17ರಂದು ಡಬ್ಲಿನ್ನಿನ ರಾನೆಲಾ ಬಡಾವಣೆಯಲ್ಲಿ ಹುಟ್ಟಿದರು. ಆರು ಮಕ್ಕಳಲ್ಲಿ ಎರಡನೆಯವರು. ತಂದೆಯದು ಬಟ್ಟೆ ವ್ಯಾಪಾರ, ತಾಯಿ ಗಾಯಕಿ. ಹತ್ತನೇ ವಯಸ್ಸಿಗೆ ರಾತ್‌ಮೈನ್ಸ್ ನಾಟಕ ತಂಡ, ಹದಿನಾಲ್ಕಕ್ಕೆ ಡಬ್ಲಿನ್ನಿನ ಆಬಿ ಥಿಯೇಟರ್. ಅಂದರೆ ಕ್ಯಾಮೆರಾ ನೋಡುವ ಮೊದಲೇ ರಂಗದ ಮೇಲೆ ದನಿ, ನಡಿಗೆ ಎಲ್ಲ ಪಳಗಿತ್ತು.

ಲಂಡನ್ನಿನಲ್ಲಿ ಮಾಡಿದ ಸ್ಕ್ರೀನ್ ಟೆಸ್ಟ್ ಮಾತ್ರ ಚೆನ್ನಾಗಿ ಬರಲಿಲ್ಲ. ಮುಖಕ್ಕೆ ದಪ್ಪ ಮೇಕಪ್ ಬಳಿದು, ಮೈಗೆ ಒಪ್ಪದ ಜರಿಯ ಉಡುಪು ತೊಡಿಸಿದ್ದರು. ನಟ ಚಾರ್ಲ್ಸ್ ಲಾಟನ್ ಆ ತುಣುಕು ನೋಡಿ, ಉಳಿದದ್ದನ್ನೆಲ್ಲ ಬಿಟ್ಟು ಕಣ್ಣುಗಳನ್ನು ಮಾತ್ರ ಹಿಡಿದುಕೊಂಡರು. ನಿರ್ಮಾಪಕ ಎರಿಕ್ ಪೊಮ್ಮರ್ ಜೊತೆ ಅವರು ನಡೆಸುತ್ತಿದ್ದ ಮೇಫ್ಲವರ್ ಪಿಕ್ಚರ್ಸ್‌ಗೆ ಏಳು ವರ್ಷದ ಕರಾರು ಬರೆಸಿಕೊಂಡರು. ಹಿಚ್‌ಕಾಕ್ ನಿರ್ದೇಶನದ 'ಜಮೈಕಾ ಇನ್' (1939) ಹೊತ್ತಿಗೆ ಫಿಟ್ಸೈಮನ್ಸ್ ಅನ್ನುವುದು ಥಿಯೇಟರಿನ ಫಲಕಕ್ಕೆ ಉದ್ದವಾಯಿತೆಂಬ ಮಾತು ಬಂತು. ಒ'ಮಾರಾ, ಒ'ಹಾರಾ ಎರಡನ್ನೂ ಲಾಟನ್ ಮುಂದಿಟ್ಟರು, ಹುಡುಗಿ ಎರಡೂ ಬೇಡವೆಂದಳು. ಕೊನೆಗೆ ಲಾಟನ್ನರೇ ಒ'ಹಾರಾ ಎಂದು ತೀರ್ಮಾನಿಸಿಬಿಟ್ಟರು. ಅದೇ ವರ್ಷ ಅವರ ಜೊತೆಯಲ್ಲೇ ಹಾಲಿವುಡ್‌ಗೆ ಹೋಗಿ 'ದಿ ಹಂಚ್‌ಬ್ಯಾಕ್ ಆಫ್ ನೋಟ್ರೆ ಡೇಮ್' ಚಿತ್ರದಲ್ಲಿ ಎಸ್ಮೆರಾಲ್ಡಾ ಪಾತ್ರ.

ಮುಂದಿನ ಕಥೆ ಕರಾರಿನದು. ಯುದ್ಧ ಶುರುವಾಗಿ ಬ್ರಿಟನ್ನಿನಲ್ಲಿ ಚಿತ್ರ ತೆಗೆಯುವುದು ಕಷ್ಟವಾದಾಗ ಲಾಟನ್ ಆ ಕರಾರನ್ನು ಆರ್‌ಕೆಒ ಸ್ಟುಡಿಯೋಗೆ ಮಾರಿದರು. ಜಮೀನಿನ ಗುತ್ತಿಗೆ ಕೈ ಬದಲಾದ ಹಾಗೆ ನಟಿಯೂ ಕೈ ಬದಲಾದರು. ಆಗಿನ ಏಳು ವರ್ಷದ ಕರಾರು ಹೀಗಿರುತ್ತಿತ್ತು: ಗೊತ್ತಾದ ಅವಧಿಗೊಮ್ಮೆ ಮುಂದುವರಿಸುವ ಅಥವಾ ಕೈಬಿಡುವ ಹಕ್ಕು ಸ್ಟುಡಿಯೋಗೆ ಮಾತ್ರ, ನಟಿಗಿಲ್ಲ. ಪಾತ್ರ ಬೇಡವೆಂದರೆ ಸಂಬಳವಿಲ್ಲದ ಅಮಾನತು, ಆ ದಿನಗಳನ್ನು ಕರಾರಿನ ಕೊನೆಗೆ ಸೇರಿಸಿಬಿಡುವುದು. ಬೇರೆ ಸ್ಟುಡಿಯೋಗೆ ಎರವಲು ಕೊಟ್ಟರೆ ಹೆಚ್ಚಿಗೆ ಬಂದ ಹಣ ಸಾಮಾನ್ಯವಾಗಿ ಸ್ಟುಡಿಯೋದ್ದೇ. ಅಮಾನತಿನ ದಿನ ಸೇರಿಸಿ ಏಳು ವರ್ಷ ದಾಟಿಸುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ ನ್ಯಾಯಾಲಯ ಹೇಳಿದ್ದು 1944ರಲ್ಲಿ, ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಹೂಡಿದ ದಾವೆಯಲ್ಲಿ. ಜಾನ್ ಫೋರ್ಡ್ ನಿರ್ದೇಶಿಸಿದ 'ಹೌ ಗ್ರೀನ್ ವಾಸ್ ಮೈ ವ್ಯಾಲಿ' (1941) ಗೆದ್ದ ಮೇಲೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಒ'ಹಾರಾ ಕರಾರಿನಲ್ಲಿ ಒಂದು ಪಾಲು ಕೊಂಡಿತು. ಅವರ ಚಿತ್ರಪಟ್ಟಿಯಲ್ಲಿ ಒಂದು ವರ್ಷ ಒಳ್ಳೆಯ ಪಾತ್ರ, ಮರುವರ್ಷ ಕಡಲುಗಳ್ಳರ ಕಥೆ ಬರುವುದಕ್ಕೆ ಅಭಿರುಚಿಯ ಏರಿಳಿತ ಕಾರಣವಲ್ಲ. ಎರಡು ಸ್ಟುಡಿಯೋಗಳ ಲೆಕ್ಕಾಚಾರ ಅದು.

ಪ್ರಶ್ನೆ: 'ಟೆಕ್ನಿಕಲರ್ ರಾಣಿ' ಎನ್ನುತ್ತಾರೆ. ನಾನು ನೋಡಿದ ಪ್ರತಿಗಳಲ್ಲಿ ಬಣ್ಣ ಮಾಸಲು, ಕೆಲವದರಲ್ಲಿ ಮುಖವೇ ಅಗಲ. ತಪ್ಪು ಎಲ್ಲಿ? — ಶಿವಮೊಗ್ಗದ ಓದುಗರು

ಮೊದಲು ಆ ಬಿರುದಿನ ವಿಷಯ. ಟೆಕ್ನಿಕಲರ್ ಅನ್ನುವುದು ಬಣ್ಣದ ಚಿತ್ರ ತೆಗೆಯುವ ಒಂದು ವಿಧಾನ. ಅದರ ಕ್ಯಾಮೆರಾದೊಳಗೆ ಒಟ್ಟಿಗೆ ಮೂರು ಕಪ್ಪುಬಿಳುಪು ಫಿಲ್ಮ್ ಓಡುತ್ತಿದ್ದವು. ಮಸೂರದ ಹಿಂದಿನ ಪಟ್ಟಕ ಬೆಳಕನ್ನು ಎರಡಾಗಿ ಒಡೆಯುತ್ತಿತ್ತು. ಒಂದು ಭಾಗ ಹಸಿರನ್ನು ದಾಖಲಿಸುವ ಫಿಲ್ಮ್‌ಗೆ. ಇನ್ನೊಂದು ಭಾಗ ಮುಖಕ್ಕೆ ಮುಖ ಅಂಟಿದಂತೆ ಓಡುವ ಎರಡು ಫಿಲ್ಮ್‌ಗಳಿಗೆ: ಮುಂದಿನದು ನೀಲಿ, ಹಿಂದಿನದು ಕೆಂಪು. ಮುದ್ರಿಸುವಾಗ ಪ್ರತಿಯೊಂದರಿಂದಲೂ ಜೆಲಟಿನ್ ಅಚ್ಚು ತೆಗೆದು, ನೀಲಿ-ಹಸಿರು, ಗುಲಾಬಿ-ನೇರಳೆ, ಹಳದಿ ಬಣ್ಣಗಳನ್ನು ಒಂದರ ಮೇಲೊಂದು ಒತ್ತುತ್ತಿದ್ದರು. ಸೀರೆಗೆ ಅಚ್ಚು ಹಾಕುವ ಕೆಲಸದ ಹಾಗೇ. ಬೆಳಕು ಮೂರು ಕಡೆ ಹಂಚಿಹೋಗುತ್ತಿದ್ದರಿಂದ ಸೆಟ್ಟಿನಲ್ಲಿ ಕಪ್ಪುಬಿಳುಪಿಗೆ ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ದೀಪ, ಅಷ್ಟೇ ಸೆಕೆ.

ಕೆಂಪು ಕೂದಲು ಇಲ್ಲಿ ಲಾಭಕ್ಕೆ ಬಂತು. ಆ ಭಾಗದಲ್ಲಿ ನೀಲಿ-ಹಸಿರು ಬಣ್ಣ ಬಹಳ ಕಡಿಮೆ ಬೀಳುತ್ತದೆ, ಉಳಿದೆರಡು ಸೇರಿ ತಾಮ್ರದ ಹೊಳಪು ಕೊಡುತ್ತವೆ. ಪಕ್ಕದಲ್ಲಿ ಹಸಿರು ಬಟ್ಟೆಯೋ ಹುಲ್ಲೋ ಇದ್ದರೆ ಕೂದಲು ಇನ್ನೂ ಉರಿಯುತ್ತದೆ. ಕ್ಯಾಮೆರಾ ಬಾಡಿಗೆಯ ಜೊತೆ ಟೆಕ್ನಿಕಲರ್ ಕಂಪನಿ ಬಣ್ಣದ ಸಲಹೆಗಾರರನ್ನೂ ಕಳಿಸುತ್ತಿತ್ತು. ಹಿನ್ನೆಲೆ ಮಂದವಾಗಿರಲಿ, ನಟಿ ಎದ್ದು ಕಾಣಲಿ ಅನ್ನುವುದು ಅವರ ಪಾಠ. ಒ'ಹಾರಾ ಬಣ್ಣಕ್ಕೆ ಬಂದದ್ದು 'ಟು ದ ಶೋರ್ಸ್ ಆಫ್ ಟ್ರಿಪೋಲಿ' (1942) ಮೂಲಕ. ಅದೇ ವರ್ಷದ 'ದ ಬ್ಲ್ಯಾಕ್ ಸ್ವಾನ್' ಛಾಯಾಗ್ರಹಣಕ್ಕೆ ಲಿಯಾನ್ ಶಾಮ್ರಾಯ್ ಆಸ್ಕರ್ ಗೆದ್ದರು. ಬಿರುದಿಗೆ ನಟಿ ತೆತ್ತ ಬೆಲೆ ಸಣ್ಣದಲ್ಲ. 'ಕೆಂಪು ಕೂದಲು, ಸಿಡುಕು ಸ್ವಭಾವ' ಎಂಬ ಒಂದೇ ಅಚ್ಚಿನ ಪಾತ್ರಗಳು ಹತ್ತು ವರ್ಷ ಬೆನ್ನುಬಿಡಲಿಲ್ಲ.

ಇನ್ನು ನಿಮ್ಮ ತೊಂದರೆ. ಹಳೆಯ ಟೆಕ್ನಿಕಲರ್ ಪ್ರತಿಯ ಬಣ್ಣ ಸುಲಭಕ್ಕೆ ಮಾಸುವುದಿಲ್ಲ. ಆಮೇಲಿನ ಈಸ್ಟ್‌ಮನ್‌ಕಲರ್ ಪ್ರತಿಗಳು ಮಾಸಿ ಗುಲಾಬಿಗೆ ತಿರುಗುತ್ತವೆ, ಅವುಗಳಿಂದ ವಿಡಿಯೋ ಮಾಡಿದ್ದರೆ ನೀವು ಹೇಳಿದ ಹಾಗೇ ಕಾಣುತ್ತದೆ. ಅಂಚಿನಲ್ಲಿ ಕೆಂಪು ಅಥವಾ ಹಸಿರು ಗೆರೆ ಕಂಡರೆ ಅದು ಬೇರೆ ರೋಗ: ಮೂರು ನೆಗೆಟಿವ್‌ಗಳು ವರ್ಷಗಳಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗಿ, ಒಂದರ ಮೇಲೊಂದು ಸರಿಯಾಗಿ ಕೂರುತ್ತಿಲ್ಲ ಎಂದರ್ಥ. ಮುಖ ಅಗಲವಾಗುವುದಕ್ಕೆ ನಿಮ್ಮ ಟಿವಿಯೇ ಕಾರಣ. 1950ರ ದಶಕದ ಆರಂಭದವರೆಗೆ ಚೌಕಟ್ಟು ಹೆಚ್ಚುಕಡಿಮೆ 4:3. 'ಝೂಮ್', 'ಸ್ಟ್ರೆಚ್' ತೆಗೆದು ಮೂಲ ಅನುಪಾತಕ್ಕೆ ಹಾಕಿ, ಎರಡು ಬದಿಗೂ ಕಪ್ಪು ಪಟ್ಟಿ ಬರಬೇಕು. 'ದಿ ಕ್ವಯಟ್ ಮ್ಯಾನ್'ನಲ್ಲಿ ನಾಯಕ ನಾಯಕಿ ಇಬ್ಬರು ತುಳಿಯುವ ಸೈಕಲ್ಲಿನಲ್ಲಿ ತಪ್ಪಿಸಿಕೊಂಡು ಹೋಗುವ ದೃಶ್ಯ ನಿಲ್ಲಿಸಿ ನೋಡಿ. ಚಕ್ರ ಗುಂಡಗಿದ್ದರೆ ಸರಿ, ಮೊಟ್ಟೆಯಾಗಿದ್ದರೆ ಇನ್ನೂ ತಿದ್ದಬೇಕು.

'ಮೆಕ್ಲಿಂಟಾಕ್!' (1963) ವಿಷಯದಲ್ಲಿ ಎಚ್ಚರ. ಅಮೆರಿಕದಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಿಸದೆ ಹೋದದ್ದರಿಂದ ಯಾರು ಬೇಕಾದರೂ ಪ್ರತಿ ಮಾರುವಂತಾಯಿತು. ಮೂಲದಲ್ಲಿ ಅದು ಅಗಲ ಪರದೆಯ ಚಿತ್ರ. ಅಗ್ಗದ ಪ್ರತಿಗಳಲ್ಲಿ ಎರಡು ಬದಿ ಕತ್ತರಿಸಿರುತ್ತಾರೆ, ಮಾತಾಡುವವರು ಚೌಕಟ್ಟಿನ ಹೊರಗೇ ಉಳಿಯುತ್ತಾರೆ. 'ಮಿರಾಕಲ್ ಆನ್ 34ತ್ ಸ್ಟ್ರೀಟ್' (1947) ಕಪ್ಪುಬಿಳುಪಿನದು, ಬಣ್ಣ ಬಳಿದ ಪ್ರತಿ 1980ರ ದಶಕದ್ದು. ಅದನ್ನು ಬಿಟ್ಟುಬಿಡಿ.

ಪ್ರಶ್ನೆ: ಜಾನ್ ವೇಯ್ನ್ ಜೊತೆ ಎಷ್ಟು ಚಿತ್ರ? 'ಕ್ವಯಟ್ ಮ್ಯಾನ್'ನಲ್ಲಿ ಕೆನ್ನೆಗೆ ಹೊಡೆದಾಗ ಕೈ ಮುರಿದದ್ದು ನಿಜವೇ? — ಧಾರವಾಡದ ಓದುಗರು

ಐದು: 'ರಿಯೋ ಗ್ರಾಂಡೆ' (1950), 'ದಿ ಕ್ವಯಟ್ ಮ್ಯಾನ್' (1952), 'ದ ವಿಂಗ್ಸ್ ಆಫ್ ಈಗಲ್ಸ್' (1957), 'ಮೆಕ್ಲಿಂಟಾಕ್!', 'ಬಿಗ್ ಜೇಕ್' (1971). ಮೊದಲ ಮೂರೂ ಫೋರ್ಡ್ ಅವರವು. 'ಕ್ವಯಟ್ ಮ್ಯಾನ್' ಐರ್ಲೆಂಡಿನ ಕಥೆ, ಅದಕ್ಕೆ ಹಣ ಹಾಕಲು ಸ್ಟುಡಿಯೋಗಳು ವರ್ಷಗಟ್ಟಲೆ ಹಿಂದೇಟು ಹಾಕಿದ್ದವು. ರಿಪಬ್ಲಿಕ್ ಪಿಕ್ಚರ್ಸ್‌ನ ಹರ್ಬರ್ಟ್ ಯೇಟ್ಸ್ ಒಪ್ಪಿದ್ದೂ ಷರತ್ತಿನ ಮೇಲೆ: ಅದೇ ನಟ, ಅದೇ ನಟಿ, ಅದೇ ನಿರ್ದೇಶಕ ಮೊದಲು ಒಂದು ಕುದುರೆ ಸವಾರರ ಚಿತ್ರ ಮಾಡಿ ಲಾಭ ತರಬೇಕು. 'ರಿಯೋ ಗ್ರಾಂಡೆ' ಹುಟ್ಟಿದ್ದು ಹಾಗೆ.

ಕೈಗೆ ಪೆಟ್ಟಾದದ್ದು ನಿಜ, ಆದರೆ ಪೂರ್ತಿ ಮುರಿದಿರಲಿಲ್ಲ. ಗಾಳಿ ಬೀಸುವ ಗುಡಿಸಿಲಿನೊಳಗೆ ಒ'ಹಾರಾ ಅವರನ್ನು ವೇಯ್ನ್ ಎಳೆದು ಮುತ್ತಿಡುತ್ತಾರೆ, ಇವರು ಬೀಸಿ ಹೊಡೆಯುತ್ತಾರೆ. ನಿಜಕ್ಕೂ ಜೋರಾಗಿಯೇ ಬರುತ್ತಿದೆಯೆಂದು ಗೊತ್ತಾಗಿ ವೇಯ್ನ್ ಕೈ ಅಡ್ಡ ತಂದರು, ಒ'ಹಾರಾ ಕೈ ಅವರ ಬೆರಳ ತುದಿಗೆ ಬಡಿದು ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತು. ಪ್ಲಾಸ್ಟರ್ ಹಾಕುವಂತಿರಲಿಲ್ಲ. ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದಿಲ್ಲವಲ್ಲ, ಇವತ್ತು ಪಟ್ಟಿ ಇದ್ದು ಅದೇ ದೃಶ್ಯದ ಮುಂದಿನ ಶಾಟಿನಲ್ಲಿ ಇಲ್ಲದಿದ್ದರೆ ಎಲ್ಲವೂ ಕೆಡುತ್ತದೆ. ಹಾಗೇ ಕೆಲಸ ಮುಂದುವರಿಸಿದರು.

ಕೊನೆಯ ಶಾಟನ್ನೂ ಗಮನಿಸಿ. ಗುಡಿಸಿಲಿನ ಮುಂದೆ ಅವರು ವೇಯ್ನ್ ಕಿವಿಯಲ್ಲಿ ಏನೋ ಹೇಳುತ್ತಾರೆ, ವೇಯ್ನ್ ಬೆಚ್ಚಿ ನೋಡುತ್ತಾರೆ. ಆ ಬೆಚ್ಚುವಿಕೆ ನಟನೆಯಲ್ಲ. ಫೋರ್ಡ್ ಹೇಳಿಕೊಟ್ಟ ಮಾತನ್ನು ಮೊದಲು ಒಲ್ಲೆನೆಂದ ಒ'ಹಾರಾ, ಮೂವರೂ ಯಾರಿಗೂ ಬಾಯಿ ಬಿಡಬಾರದೆಂಬ ಒಪ್ಪಂದದ ಮೇಲೆ ಒಪ್ಪಿದರು. ಮೂವರೂ ಬಿಡಲಿಲ್ಲ.

ಪ್ರಶ್ನೆ: ಅವರಿಗೆ ಆಸ್ಕರ್ ನಾಮನಿರ್ದೇಶನವೇ ಸಿಗಲಿಲ್ಲವೇ? — ಮಂಗಳೂರಿನ ಓದುಗರು

ಒಂದೂ ಇಲ್ಲ. 'ಹೌ ಗ್ರೀನ್ ವಾಸ್ ಮೈ ವ್ಯಾಲಿ' ಆ ವರ್ಷದ ಅತ್ಯುತ್ತಮ ಚಿತ್ರವಾಯಿತು. 'ಕ್ವಯಟ್ ಮ್ಯಾನ್' ಏಳು ನಾಮನಿರ್ದೇಶನ ಪಡೆದು ನಿರ್ದೇಶನ, ವರ್ಣ ಛಾಯಾಗ್ರಹಣ ಎರಡನ್ನೂ ಗೆದ್ದಿತು. ನಾಯಕಿಯ ಹೆಸರು ಎರಡರಲ್ಲೂ ಇರಲಿಲ್ಲ. 2014ರ ನವೆಂಬರ್‌ನಲ್ಲಿ, 94ರ ವಯಸ್ಸಿನಲ್ಲಿ, ಗೌರವ ಆಸ್ಕರ್ ಕೊಟ್ಟರು. ತಡವಾಯಿತೆನ್ನುವುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಪಾಸ್‌ಪೋರ್ಟಿನಿಂದ ಮಾನ ಉಳಿಸಿಕೊಂಡರು ಎಂದು ಎಲ್ಲೋ ಓದಿದೆ. ಏನದು? — ಬೆಂಗಳೂರಿನ ಓದುಗರು

1957ರಲ್ಲಿ 'ಕಾನ್ಫಿಡೆನ್ಷಿಯಲ್' ಎಂಬ ಗಾಸಿಪ್ ಪತ್ರಿಕೆ, ಅವರು ಹಾಲಿವುಡ್‌ನ ಚೈನೀಸ್ ಥಿಯೇಟರಿನ 35ನೇ ಸಾಲಿನಲ್ಲಿ ಒಬ್ಬನ ಜೊತೆ ಅಸಭ್ಯವಾಗಿ ವರ್ತಿಸಿದರೆಂದು ಬರೆಯಿತು. ಪತ್ರಿಕೆಯ ಮೇಲೆ ಲಾಸ್ ಏಂಜಲೀಸ್‌ನಲ್ಲಿ ಮೊಕದ್ದಮೆ ನಡೆದಾಗ ಒ'ಹಾರಾ ಸಾಕ್ಷಿಗೆ ನಿಂತು ಪಾಸ್‌ಪೋರ್ಟ್ ತೆರೆದು ತೋರಿಸಿದರು. ಪತ್ರಿಕೆ ಹೇಳುವ ದಿನಗಳಲ್ಲಿ ಅವರು 'ಫೈರ್ ಓವರ್ ಆಫ್ರಿಕಾ' ಚಿತ್ರೀಕರಣಕ್ಕೆ ಸ್ಪೇನಿನಲ್ಲಿದ್ದರೆಂಬುದಕ್ಕೆ ಮೊಹರುಗಳೇ ಸಾಕ್ಷಿ. ಜ್ಯೂರಿ ಒಮ್ಮತಕ್ಕೆ ಬರದೆ ವಿಚಾರಣೆ ತೀರ್ಪಿಲ್ಲದೆ ಮುಗಿಯಿತು, ಆದರೆ ಆ ಪತ್ರಿಕೆಯ ಹಳೆಯ ಧಾಟಿ ಅಲ್ಲಿಗೆ ಅಡಗಿತು.

ಕಾಗದದ ವಿಷಯದಲ್ಲಿ ಅವರು ಮೊದಲಿಂದಲೂ ಹಾಗೇ. 1946ರಲ್ಲಿ ಅಮೆರಿಕದ ಪೌರತ್ವ ಪಡೆಯುವಾಗ ಹಿಂದಿನ ರಾಷ್ಟ್ರೀಯತೆ 'ಬ್ರಿಟಿಷ್' ಎಂದು ದಾಖಲಿಸಿದ್ದನ್ನು ಒಪ್ಪದೆ, 'ಐರಿಶ್' ಎಂದೇ ಆಗಬೇಕೆಂದು ಪಟ್ಟು ಹಿಡಿದರೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಡಿಸ್ನಿಯ 'ದ ಪೇರೆಂಟ್ ಟ್ರ್ಯಾಪ್'ನಲ್ಲಿ (1961) ತಮ್ಮ ಹೆಸರು ಮೊದಲು ಬರಬೇಕೆಂದು ಕರಾರಿನಲ್ಲಿದ್ದರೂ, ಅವಳಿ ಪಾತ್ರದ ಬಾಲನಟಿಯ ಹೆಸರು ಮೇಲೆ ಬಂದದ್ದಕ್ಕೆ ಮುನಿದು ಮತ್ತೆ ಆ ಕಂಪನಿಗೆ ಕೆಲಸ ಮಾಡಲಿಲ್ಲ. (ಇದೇ ಅವಳಿ ಮಕ್ಕಳ ಕಥೆ ತಮಿಳಿನಲ್ಲಿ 'ಕುಳಂದೈಯುಂ ದೈವಮುಂ', ಹಿಂದಿಯಲ್ಲಿ 'ದೋ ಕಲಿಯಾಂ' ಆಗಿ ನಮ್ಮ ಕಡೆಯವರಿಗೂ ಪರಿಚಿತ.)

1968ರಲ್ಲಿ ಪೈಲಟ್ ಚಾರ್ಲ್ಸ್ ಬ್ಲೇರ್ ಅವರನ್ನು ಮದುವೆಯಾದರು. ಬ್ಲೇರ್ ವರ್ಜಿನ್ ಐಲ್ಯಾಂಡ್ಸ್‌ನಲ್ಲಿ ನೀರಿನ ಮೇಲಿಳಿಯುವ ವಿಮಾನಗಳ ಸಂಸ್ಥೆ ಆಂಟಿಲೀಸ್ ಏರ್ ಬೋಟ್ಸ್ ನಡೆಸುತ್ತಿದ್ದರು. 1978ರ ಸೆಪ್ಟೆಂಬರ್ 2ರಂದು ಅವರೇ ಹಾರಿಸುತ್ತಿದ್ದ ವಿಮಾನ ಕೆಟ್ಟು ಬಿದ್ದು ತೀರಿಕೊಂಡರು. ಸಂಸ್ಥೆಯ ಅಧ್ಯಕ್ಷತೆ ಒ'ಹಾರಾ ವಹಿಸಿಕೊಂಡರು. ವೇಳಾಪಟ್ಟಿಯಂತೆ ಹಾರುವ ಅಮೆರಿಕದ ವಿಮಾನ ಸಂಸ್ಥೆಗೆ ಮಹಿಳೆ ಅಧ್ಯಕ್ಷರಾದದ್ದು ಅದೇ ಮೊದಲೆಂದು ದಾಖಲಾಗಿದೆ.

ಪ್ರಶ್ನೆ: ಡಬ್ಲಿನ್ನಿನಲ್ಲಿ ಕೆಲಸದಲ್ಲಿದ್ದೇನೆ. ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. 'ಕ್ವಯಟ್ ಮ್ಯಾನ್' ತೆಗೆದ ಜಾಗ ತೋರಿಸಬೇಕು, ಒಂದು ದಿನ ಸಾಕೇ? — ಐರ್ಲೆಂಡಿನಿಂದ ಓದುಗರು

ಸಾಲದು, ಎರಡು ದಿನ ಇಟ್ಟುಕೊಳ್ಳಿ. ಚಿತ್ರದ ಕಥೆ ನಡೆಯುವ ಇನಿಸ್‌ಫ್ರೀ ನಿಜವಾದ ಒಂದು ಊರಲ್ಲ, 1951ರ ಬೇಸಿಗೆಯಲ್ಲಿ ಹಲವು ಕಡೆ ತೆಗೆದು ಹೊಂದಿಸಿದ್ದು. ಮನೆಯೊಳಗಿನ ದೃಶ್ಯಗಳಲ್ಲಿ ಹೆಚ್ಚಿನವು ಕ್ಯಾಲಿಫೋರ್ನಿಯಾ ಸ್ಟುಡಿಯೋದವು, ಅವನ್ನು ಹುಡುಕಬೇಡಿ.

ಕಾರು ಬೇಕೇ ಬೇಕು. ರೈಲಿನಲ್ಲಿ ಬರುವುದಾದರೆ ಹ್ಯೂಸ್ಟನ್ ಸ್ಟೇಷನ್ನಿನಿಂದ ಗಾಲ್ವೇಗೆ ಸುಮಾರು ಎರಡೂವರೆ ಗಂಟೆ, ಅಲ್ಲಿಂದ ಬಾಡಿಗೆ ಕಾರು. ಕಾರಿನಲ್ಲೇ ಹೊರಟರೆ ಮೊದಲ ದಿನ ಅಥೆನ್ರೈ ದಾಟಿ ಬ್ಯಾಲಿಗ್ಲುನಿನ್ ಸ್ಟೇಷನ್ ನೋಡಿ. ನಾಯಕ ಬಂದಿಳಿಯುವ ರೈಲು ನಿಲ್ದಾಣ ಅದೇ, ಈಗ ರೈಲು ಓಡುವುದಿಲ್ಲ. ಸಂಜೆಗೆ ಕಾಂಗ್ ಹಳ್ಳಿ ಸೇರಿ ಅಲ್ಲೇ ಉಳಿಯಿರಿ. ಚಿತ್ರದಲ್ಲಿ ಕಾಣುವ ಪ್ಯಾಟ್ ಕೋಹನ್ ಫಲಕದ ಪಬ್, ಒ'ಹಾರಾ ಅವರನ್ನು ವೇಯ್ನ್ ಎತ್ತಿಕೊಂಡ ಪ್ರತಿಮೆ, ಗುಡಿಸಿಲಿನ ಮಾದರಿಯ ಮ್ಯೂಸಿಯಂ ಎಲ್ಲ ನಡಿಗೆಯ ದೂರದಲ್ಲಿವೆ. ಆಶ್‌ಫರ್ಡ್ ಕ್ಯಾಸಲ್ ಆವರಣಕ್ಕೆ ಟಿಕೆಟ್ ಇದೆ.

ಎರಡನೇ ದಿನ ಕಾಂಗ್‌ನಿಂದ ಮಾಮ್, ಲೀನೇನ್ ಮೂಲಕ ಕುದುರೆ ಪಂದ್ಯ ತೆಗೆದ ಲೆಟರ್‌ಗೆಷ್ ಕಡಲ ದಂಡೆಗೆ ಹೋಗಿ. ಬರುವಾಗ ಮಾಮ್ ಕ್ರಾಸ್‌ನಿಂದ ಊಟರಾರ್ಡ್ ಕಡೆಗಿನ ರಸ್ತೆಯಲ್ಲಿ ಚಿತ್ರದ ಕಲ್ಲಿನ ಸೇತುವೆ ಸಿಗುತ್ತದೆ, ಫಲಕ ಇದೆ. ಮಾಮ್ ಹತ್ತಿರದ ನಿಜವಾದ ಗುಡಿಸಿಲು ಈಗ ಕುಸಿದ ಗೋಡೆ ಮಾತ್ರ, ಅಪ್ಪ ಅಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ನಿರಾಸೆಯಾಗುತ್ತದೆ. ಜೂನ್ ಆದರೆ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕಿರುತ್ತದೆ. ಮಳೆ ಅಂಗಿ ಮಾತ್ರ ಡಿಕ್ಕಿಯಲ್ಲಿ ಇಡಬೇಡಿ, ಕೈಗೆ ಸಿಗುವ ಹಾಗೆ ಸೀಟಿನ ಮೇಲೆ ಇರಲಿ.